ಪದಚರ್ಚೆ: 'ನನಗೆ ಖಿನ್ನತೆ' ಅಂತ ಯಾರಾದರೂ ಹೇಳಿಕೊಳ್ಳುತ್ತಾರಾ?

ಬಳಗದ ಎಲ್ಲರಿಗೂ ನಮಸ್ಕಾರ.

ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಒಂದು ಶಿಬಿರಕ್ಕೆ ಕರಪತ್ರ ಅಚ್ಚಾಗಬೇಕಿದೆ. ಕನ್ನಡ ನೋಡಿಕೊಡಿ ಅಂತ ನನ್ನ ಕೈಗೆ ಬಂದಿದೆ. ಮೊದಲ ಸಾಲೇ 'ನೀವು ಖಿನ್ನತೆಯಿಂದ ಬಳಲುತ್ತಿದ್ದೀರಾ?' ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಇದನ್ನು ಓದಿ 'ಹೌದು, ಇದು ನನ್ನದೇ ಕಥೆ' ಅಂದುಕೊಳ್ಳುವವರು ಎಷ್ಟು ಜನ ಅನ್ನೋದು ನನ್ನ ಅನುಮಾನ.

ಪತ್ರಿಕೆಯಲ್ಲಿ ಖಿನ್ನತೆ ದಿನಾ ಸಿಗುತ್ತೆ. ಖಿನ್ನತೆಗೆ ಒಳಗಾಗಿದ್ದ, ಖಿನ್ನತೆಗೆ ಜಾರಿದ್ದರು. ಎಲ್ಲವೂ ಇನ್ನೊಬ್ಬರ ಬಗ್ಗೆ ಆಡುವ ಮಾತು, ಅದೂ ಹೆಚ್ಚಾಗಿ ಕೆಟ್ಟ ಸುದ್ದಿಯ ಕೊನೆಯಲ್ಲಿ. 'ನನಗೆ ಖಿನ್ನತೆ' ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಖೇದ, ಖಿನ್ನ ಎರಡೂ ಸಂಸ್ಕೃತದ 'ಖಿದ್' ಧಾತುವಿನಿಂದ ಬಂದವು. ಖಿನ್ನ ಅಂದರೆ ನೊಂದವನು, ಬಳಲಿದವನು. ಹಾಗಾದರೆ 'ಖಿನ್ನತೆಯಿಂದ ಬಳಲುವವರು' ಎರಡು ಸಲ ಬಳಲಿದ ಹಾಗಾಯ್ತು, ಪಾಪ!

ಪೇಟೆಯವರು, ಓದುವ ಹುಡುಗರು 'ಡಿಪ್ರೆಶನ್' ಅಂತಾರೆ. 'ಆಗ ಡಿಪ್ರೆಶನ್‌ಗೆ ಹೋಗ್ಬಿಟ್ಟಿದ್ದೆ' ಅನ್ನೋದು ಸಲೀಸಾಗಿ ಬರುತ್ತೆ. ಗಮನಿಸಿ, ಅಲ್ಲಿಗೆ ಹೋಗಿ ವಾಪಸ್ ಬಂದಮೇಲೆ ಹೇಳುವ ಮಾತು ಅದು. ಶುಗರ್ ಇದೆ, ಬಿಪಿ ಇದೆ, ಥೈರಾಯ್ಡ್ ಇದೆ ಅಂತ ಬಸ್ಸಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ. 'ಡಿಪ್ರೆಶನ್ ಇದೆ' ಅಂತ ಹಾಗೆ ಹೇಳಲ್ಲ.

ಹಾಗಾದರೆ ಕರಪತ್ರದಲ್ಲಿ 'ಬೇಜಾರು' ಅಂತ ಹಾಕೋಣವೇ? ಖಿನ್ನತೆ ಇದೆಯಾ, ಎಷ್ಟಿದೆ ಅಂತ ನೋಡಲು ಆಸ್ಪತ್ರೆಗಳಲ್ಲಿ ಬಳಸುವ ಪಿ.ಎಚ್.ಕ್ಯು-9 ಅನ್ನೋ ಪ್ರಶ್ನಾವಳಿ ಇದೆ. ಒಂಬತ್ತು ಪ್ರಶ್ನೆ, ಎಲ್ಲವೂ ಕಳೆದ ಎರಡು ವಾರದ ಬಗ್ಗೆ. ಅದರ ಎರಡನೇ ಪ್ರಶ್ನೆಯನ್ನು 'ಎರಡು ವಾರದಿಂದ ಬೇಜಾರು ಇದೆಯಾ?' ಅಂತ ಮಾಡಿ, ಮನೆಗೆ ಹೂವು ತರುವ ಅಮ್ಮನನ್ನು ಕೇಳಿದೆ. 'ಯಾರ ಮೇಲೆ? ನಾನ್ಯಾಕೆ ಬೇಜಾರು ಮಾಡ್ಕೊಳ್ಲಿ?' ಅಂದರು! ಸರಿಯೇ ಅಲ್ವಾ? ರಜೆಯಲ್ಲಿ ಮನೇಲಿ ಕೂತು ಹೊತ್ತು ಹೋಗದಿದ್ದರೂ ಬೇಜಾರು, ಮಗ ಮಾತು ಬಿಟ್ಟರೂ ಬೇಜಾರು, ಮದುವೆಗೆ ಕರೆಯದಿದ್ದರೂ ಬೇಜಾರು. 'ಬೇಜಾರು ಮಾಡ್ಕೋಬೇಡಿ' ಅಂದರೆ ತಪ್ಪು ತಿಳ್ಕೋಬೇಡಿ ಅಂತ. ಒಂದೇ ಪದ ಇಷ್ಟೊಂದು ಕೆಲಸ ಮಾಡುತ್ತೆ.

ಬೇಜಾರು, ಬೇಸರ ಒಂದೇ ಪದದ ಎರಡು ರೂಪ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಬೇಜಾರು ಫಾರಸಿಯ 'ಬೇಜಾರ್', ಹಿಂದಿ, ಉರ್ದು, ಮರಾಠಿಯಲ್ಲೂ ಇದೆ. ಬೇಸರ ನಮ್ಮದೇ, ಹಳಗನ್ನಡದಲ್ಲಿ ಬೇಸರು ಅಂತ ಕ್ರಿಯಾಪದವೇ ಇತ್ತು. ತೆಲುಗಿನ ವೇಸರು ಇದರ ನೆಂಟ. ಸೋತು ಸಾಕಾಗುವುದು ಅನ್ನೋ ಅರ್ಥ. ಧಾರವಾಡದ ಕಡೆ 'ಭಾಳ ಬ್ಯಾಸರ ಆಗೇತ್ರಿ' ಅಂದಾಗ ಆ ಹಳೆಯ ಭಾರ ಇನ್ನೂ ಇದೆ ಅಂತ ನನಗೆ ಅನಿಸುತ್ತೆ. ಆ ಕಡೆಯವರು ಹೌದೋ ಅಲ್ವೋ ಹೇಳಬೇಕು.

ಇನ್ನು ತಲೆ. 'ತಲೆ ಕೆಟ್ಟೋಯ್ತು ಮಾರಾಯ' ಅಂತ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರೆಲ್ಲ ಹೇಳ್ತಾರೆ. ಯಾರಿಗೂ ಅದರಲ್ಲಿ ನಾಚಿಕೆಯಿಲ್ಲ. 'ನಿನಗೇನು ತಲೆ ಕೆಟ್ಟಿದೆಯಾ?' ಅಂದರೆ ಜಗಳ. 'ತಲೆ ಕೆಡಿಸ್ಕೋಬೇಡ' ಅಂದರೆ ಸಮಾಧಾನ. ಆದರೆ 'ತಲೆ ಸರಿ ಇಲ್ಲ' ಅನ್ನೋದನ್ನು ತಮ್ಮ ಬಗ್ಗೆ ಯಾರೂ ಹೇಳಲ್ಲ, ಅದು ಬೆನ್ನ ಹಿಂದೆ ಆಡುವ ಮಾತು. 'ಮನಸ್ಸು ಸರಿ ಇಲ್ಲ' ಮಾತ್ರ ತಮ್ಮ ಬಗ್ಗೆಯೇ ಹೇಳಿಕೊಳ್ಳುವುದು. 'ಯಾಕೋ ಮನಸ್ಸೇ ಸರಿ ಇಲ್ಲ ಕಣೇ' ಅಂತ ಅಕ್ಕ ತಂಗಿಗೆ ಫೋನಲ್ಲಿ ಹೇಳುತ್ತಾಳೆ, ತಂಗಿ ಗಾಬರಿಯಾಗದೆ ಕೇಳಿಸಿಕೊಳ್ಳುತ್ತಾಳೆ. ತಲೆ, ಮನಸ್ಸು ಅಕ್ಕಪಕ್ಕದಲ್ಲೇ ಇವೆ, ಮರ್ಯಾದೆ ಮಾತ್ರ ಬೇರೆ ಬೇರೆ.

ಡಾಕ್ಟರ ಮುಂದೆ ಹೆಚ್ಚಿನವರು ಇವೆರಡನ್ನೂ ಎತ್ತಲ್ಲ, ಮೈಯಿಂದ ಶುರು ಮಾಡುತ್ತಾರೆ. ಊಟ ಸೇರಲ್ಲ. ನಿದ್ದೆ ಹತ್ತಲ್ಲ. ಎದೆ ಢವಢವ ಅನ್ನುತ್ತೆ. ಹೊಟ್ಟೆಯೊಳಗೆ ಒಂಥರಾ ಸಂಕಟ. ಏನು ಮಾಡೋಕೂ ಕೈಯೇ ಏಳಲ್ಲ. 'ನರ ವೀಕ್ ಆಗಿದೆ' ಅನ್ನೋದು ಇನ್ನೊಂದು. ಮನೋವೈದ್ಯರ ಹತ್ತಿರ ಹೋಗಿಬಂದು 'ನರದ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ವಿ' ಅನ್ನುವ ಮನೆಗಳು ಬೇಕಾದಷ್ಟಿವೆ. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಊರಲ್ಲಿ ಬಾಳಬೇಕಲ್ಲ?

'ಹುಚ್ಚು' ಅನ್ನಿಸಿಕೊಳ್ಳುವ ಹೆದರಿಕೆ ಅದು, ಅದಕ್ಕೆ ಕಾರಣವೂ ಇದೆ. ತಮಿಳಿನ ಪಿಚ್ಚು, ತೆಲುಗಿನ ಪಿಚ್ಚಿ, ನಮ್ಮ ಹುಚ್ಚು ಒಂದೇ ಮನೆಯವು. ಕ್ರಿಕೆಟ್ ಹುಚ್ಚು, ಸಿನಿಮಾ ಹುಚ್ಚು ಅಂದಾಗ ಪ್ರೀತಿಯಿದೆ, ಆಸ್ಪತ್ರೆಗೆ ಸೇರಿಸಿದಾಗ ಇಲ್ಲ. ಬೆಂಗಳೂರಿನ ಹಳೆಯ 'ಹುಚ್ಚಾಸ್ಪತ್ರೆ' 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯ್ತು, 1974ರಲ್ಲಿ ನಿಮ್ಹಾನ್ಸ್ ಆಯ್ತು. ಮರ್ಯಾದೆಗೆ ತಂದ 'ಮೆಂಟಲ್' ಅನ್ನೋ ಪದವೇ ಬೈಗುಳವಾಯ್ತು. 'ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ' ಅಂತ ಈಗ ಗೇಲಿ. ಉತ್ತರ ಕರ್ನಾಟಕದಲ್ಲಿ ಅದೇ ಗೇಲಿಗೆ ಧಾರವಾಡದ ಹೆಸರು. ಕಾನೂನಿನಲ್ಲೂ ಇದೇ ಓಟ. 1912ರ ಕಾಯ್ದೆಯ ಹೆಸರಲ್ಲೇ 'ಲೂನಸಿ', ಅಂದರೆ ಹುಚ್ಚು, ಇತ್ತು, 1987ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ ಬಂತು, 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 'ಮಾನಸಿಕ' ಇನ್ನೂ ಪೂರ್ತಿ ಕೆಟ್ಟಿಲ್ಲ, ಆದರೆ 'ಮಾನಸಿಕ ಅಸ್ವಸ್ಥ' ಆಗಲೇ ಆ ದಾರಿ ಹಿಡಿದಿದೆ.

'ಆತಂಕ'ದ ಬಗ್ಗೆ ನನಗೆ ತಕರಾರು ಕಡಿಮೆ. ಚರಕಸಂಹಿತೆ ರೋಗಕ್ಕೆ ಕೊಡುವ ಪರ್ಯಾಯ ಪದಗಳಲ್ಲಿ ಅದೂ ಒಂದು. ಈಗ ಚಿಂತೆ ಮತ್ತು ಭಯದ ನಡುವೆ ಎಲ್ಲೋ ನಿಂತಿದೆ. ಆದರೂ ಜನ ಹೇಳೋದು ಗಾಬರಿ, ದಿಗಿಲು, ಎಲ್ಲಕ್ಕಿಂತ ಜಾಸ್ತಿ ಟೆನ್ಷನ್.

ಕರಾವಳಿಯವರಿಗೆ ಒಂದು ಪ್ರಶ್ನೆ. ಕರಪತ್ರದ ಇನ್ನೊಂದು ಸಾಲು 'ಎಲ್ಲದರಲ್ಲೂ ಉದಾಸೀನ ಮೂಡಿದೆಯೇ?' ಮೈಸೂರಿನ ಕಡೆ ಇದು ಆಸಕ್ತಿ ಇಲ್ಲ ಅಂತ ಆಗುತ್ತೆ. ನಿಮ್ಮಲ್ಲಿ 'ಉದಾಸೀನ ಆಗ್ತದೆ' ಅಂದರೆ ಸೋಮಾರಿತನ ತಾನೆ? ಮಂಗಳೂರಲ್ಲಿ ಇದನ್ನು ಓದಿದವರಿಗೆ ಬೈದ ಹಾಗೆ ಕೇಳಬಹುದು. 'ಮಂಡೆಬಿಸಿ'ಯನ್ನು ಎರಡು ವಾರದ ತೊಂದರೆಗೂ ಹೇಳ್ತೀರಾ, ಇಲ್ಲ ಆ ಹೊತ್ತಿನ ತಲೆನೋವಿಗೆ ಮಾತ್ರವಾ?

'ಜೀವನವೇ ಬೇಡ ಅನ್ಸುತ್ತೆ' ಅನ್ನುವ ಮಾತನ್ನು ಮಾತ್ರ ಹಾಗೇ ಉಳಿಸಬೇಕು ಅಂತ ಹೇಳಿದ್ದೇನೆ. ಅದನ್ನು ಶಿಷ್ಟ ಮಾಡಿದರೆ ಅರ್ಥವೇ ತಪ್ಪಿಹೋಗುತ್ತೆ. ಅದರ ಪಕ್ಕದಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ದಪ್ಪಕ್ಷರದಲ್ಲಿ ಬರಲಿ. 2022ರಿಂದ ಇದೆ, ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಸಾಲಿಗೆ ನಾನು ಬರೆದಿಟ್ಟಿರೋದು ಇದು: 'ಮನಸ್ಸು ಸರಿ ಇಲ್ಲವೇ? ಊಟ ಸೇರುತ್ತಿಲ್ಲವೇ? ಏನೂ ಬೇಡ ಅನಿಸಿ ಎರಡು ವಾರವಾಯಿತೇ?' ಖಿನ್ನತೆ ಅನ್ನೋ ಪದ ಕೆಳಗೆ ಒಂದೇ ಕಡೆ ಬರುತ್ತೆ, ಡಾಕ್ಟರು ಇದಕ್ಕೆ ಹಾಗನ್ನುತ್ತಾರೆ ಅಂತ. ಬೀದರ್, ಕಲಬುರಗಿ, ಕೊಡಗು, ಕುಂದಾಪುರದ ಕಡೆಯವರು ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ ಅಂತ ಬರೆಯಿರಿ. ನಿಘಂಟಿನ ಪದ ಬೇಡ, ಅಮ್ಮನೋ ದೊಡ್ಡಪ್ಪನೋ ತಮ್ಮ ಬಗ್ಗೆ ಆಡಿದ ಮಾತು ಇದ್ದ ಹಾಗೇ ಬೇಕು. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತೆ.