ಐದು ದಿನದ ರಜೆ, ಒಂಬತ್ತು ಗಂಟೆಯ ವಿಮಾನ: ಮಕ್ಕಳ ವೈದ್ಯೆಗೆ ಬಳಗದ ಪ್ರಶ್ನೆಗಳು

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಮೇ ರಜೆಯಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳನ್ನು ಕಟ್ಟಿಕೊಂಡು ನಾಲ್ಕೈದು ದಿನದ ಮಟ್ಟಿಗೆ ದೂರದ ದೇಶಕ್ಕೆ ಹೊರಟವರು ನಮ್ಮ ಮುಂಬಯಿ ಬಳಗದಲ್ಲಿ ಹಲವರಿದ್ದಾರೆ. ಮಾಟುಂಗದಲ್ಲಿ ಚಿಕಿತ್ಸಾಲಯ ನಡೆಸುವ ನಮ್ಮ ಮಕ್ಕಳ ವೈದ್ಯೆ ಈ ಸಂಜೆ ಉತ್ತರಿಸುತ್ತಾರೆ. ಮಗುವಿನ ವಯಸ್ಸು, ಹೋಗುವ ಊರು ಬರೆಯಿರಿ. ಫಾರ್ವರ್ಡ್ ಸಂದೇಶಗಳು ಬೇಡ.

ಠಾಣೆಯ ತಾಯಿ: ಡಾಕ್ಟರೇ, ಮಗಳಿಗೆ ಒಂದೂವರೆ ವರ್ಷ. ಲಂಡನ್ನಿಗೆ ಹೋಗುತ್ತಿದ್ದೇವೆ. ವಿಮಾನದಲ್ಲಿ ಮಕ್ಕಳ ಕಿವಿ ನೋಯುತ್ತದೆ ಎನ್ನುತ್ತಾರೆ. ಏನು ಮಾಡಲಿ?

ವೈದ್ಯೆ: ನೋವು ಹೆಚ್ಚಾಗಿ ಬರುವುದು ಏರುವಾಗ ಅಲ್ಲ, ಇಳಿಯುವಾಗ. ಮೂಗಿನ ಹಿಂದಿನಿಂದ ಕಿವಿಯ ಒಳಕ್ಕೆ ಹೋಗುವ ನಾಳ ಮಕ್ಕಳಲ್ಲಿ ಬಹಳ ಕಿರಿದು. ನುಂಗಿದಾಗ ಅದು ತೆರೆದುಕೊಳ್ಳುತ್ತದೆ. ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗುತ್ತದೆ. ಮಗು ಮಲಗಿದ್ದರೆ ಆಗ ಎಬ್ಬಿಸಿ, ಎದೆಹಾಲನ್ನೋ ನೀರನ್ನೋ ಗುಟುಕು ಗುಟುಕಾಗಿ ಕುಡಿಸಿ. ಹತ್ತಿ ತುರುಕುವುದರಿಂದ ಪ್ರಯೋಜನವಿಲ್ಲ.

ಬೊರಿವಲಿಯ ತಂದೆ: ಮೇಡಂ, ನಮ್ಮವನಿಗೆ ಹೋಗುವ ದಿನ ಎರಡು ತುಂಬಿರುವುದಿಲ್ಲ, ಅಲ್ಲಿದ್ದಾಗ ತುಂಬುತ್ತದೆ. ಮಡಿಲಲ್ಲೇ ಕೂರಿಸಿಕೊಂಡು ಬರಬಹುದೇ?

ವೈದ್ಯೆ: ಅದನ್ನು ಟಿಕೆಟ್ ಕೊಟ್ಟವರನ್ನು ಕೇಳಿ.

ಚೆಂಬೂರಿನ ತಾಯಿ: ನಾನು ಹೇಳುತ್ತೇನೆ ಅಣ್ಣಾ. ಎರಡು ತುಂಬಿದ ಮಗುವಿಗೆ ಬೇರೆ ಸೀಟು ಕಡ್ಡಾಯ. ಬರುವಾಗಿನ ಟಿಕೆಟ್ಟನ್ನು ಈಗಲೇ ಮಗುವಿನ ಹೆಸರಿಗೆ ಮಾಡಿಸಿ.

ಡೊಂಬಿವಿಲಿಯ ತಾಯಿ: ಮೇಡಂ, ಮಗನಿಗೆ ಇಪ್ಪತ್ತೆರಡು ತಿಂಗಳು. ನಮ್ಮ ಯಜಮಾನರಿಗೆ ಸಿಕ್ಕಿರುವುದು ಐದೇ ದಿನ ರಜೆ, ನಾವೂ ಲಂಡನ್ನಿಗೆ. ಮಗ ವಿಮಾನದಲ್ಲಿ ರಚ್ಚೆ ಹಿಡಿದಾನೆಂದು ಔಷಧಿ ಅಂಗಡಿಯವರು ಒಂದು ಸಿರಪ್ ಕೊಟ್ಟಿದ್ದಾರೆ. ಅರ್ಧ ಮುಚ್ಚಳ ಕೊಟ್ಟರೆ ಲಂಡನ್ ತನಕ ಏಳುವುದಿಲ್ಲ ಎಂದರು. ಅತ್ತೆಯವರೂ ಕೊಡು ಎನ್ನುತ್ತಿದ್ದಾರೆ. ಕಳೆದ ತಿಂಗಳು ಕಿವಿಯ ಸೋಂಕು ಆಗಿತ್ತು, ಈಗ ವಾಸಿಯಾಗಿದೆ. ರಾತ್ರಿ ಗೊರಕೆ ಹೊಡೆಯುತ್ತಾನೆ, ಅದು ಅವನ ಅಜ್ಜನಿಂದ ಬಂದದ್ದು.

ವೈದ್ಯೆ: ಉಳಿದವರು ದಯವಿಟ್ಟು ತಾಳಿ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಏನೆಂದಿದೆ? ಗೊರಕೆ ದಿನವೂ ಇದೆಯೋ, ನೆಗಡಿಯಾದಾಗ ಮಾತ್ರವೋ? ಬಾಯಿ ತೆರೆದು ಮಲಗುತ್ತಾನೆಯೇ? ಸದ್ದು ನಡುವೆ ನಿಂತು, ಆಮೇಲೆ ದಿಗ್ಗನೆ ಉಸಿರೆಳೆಯುವುದುಂಟೇ? ಕರೆದರೆ ಒಂದೇ ಸಲಕ್ಕೆ ತಿರುಗುತ್ತಾನೆಯೇ?

ಮುಲುಂಡಿನ ಅಮ್ಮ: ಎಲ್ಲ ತಾಯಂದಿರೂ ಓದಲೇಬೇಕು! ಕರ್ಪೂರ, ಓಮ, ಲವಂಗಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮಗುವಿನ ಕೊರಳಿಗೆ ಹಾಕಿ. ವಿಮಾನದಲ್ಲಿ ಉಸಿರು ಸರಾಗ, ಕಿವಿ ನೋವು ಮಾಯ. ಗಗನಸಖಿಯರೇ ಹೇಳಿಕೊಟ್ಟ ಗುಟ್ಟು. ಹತ್ತು ಮಂದಿಗೆ ಕಳುಹಿಸಿ.

ವೈದ್ಯೆ: ಕಳುಹಿಸಬೇಡಿ. ಪುಟ್ಟ ಮಕ್ಕಳಿಗೆ ಕರ್ಪೂರ ವಿಷ. ನುಂಗಿದರೆ ಕೆಲವೇ ನಿಮಿಷಗಳಲ್ಲಿ ಸೆಳವು ಬರಬಹುದು. ಮೈಗೆ ಹಚ್ಚಿದ್ದರಿಂದಲೂ ಸೆಳವು ಬಂದ ಮಕ್ಕಳಿದ್ದಾರೆ. ಒಂದೂವರೆ ವರ್ಷದ ಮಗು ಕೊರಳಿನ ಗಂಟನ್ನು ಮೊದಲು ಒಯ್ಯುವುದೇ ಬಾಯಿಗೆ. ಮಲಗಿದ ಮಗುವಿನ ಕೊರಳಲ್ಲಿ ದಾರವೂ ಇರಕೂಡದು.

ಮುಲುಂಡಿನ ಅಮ್ಮ: ನಮ್ಮ ಅಜ್ಜಿ ಹನ್ನೊಂದು ಮಕ್ಕಳಿಗೂ ಇದನ್ನೇ ಮಾಡಿದರು. ನಾವೆಲ್ಲ ಬದುಕಿಲ್ಲವೇ?

ವೈದ್ಯೆ: ಬದುಕಿ ಉಳಿಯದ ಮಕ್ಕಳು ಇಲ್ಲಿ ಬಂದು ಬರೆಯಲಾರರು, ಅಮ್ಮಾ.

ಡೊಂಬಿವಿಲಿಯ ತಾಯಿ: ಮೇಡಂ, ಪ್ರೊಮೆಥಜೀನ್ ಎಂದಿದೆ. ಗೊರಕೆ ದಿನವೂ ಇದೆ. ಬಾಯಿ ತೆರೆದೇ ಇರುತ್ತದೆ, ಬೆಳಿಗ್ಗೆ ದಿಂಬು ಒದ್ದೆಯಾಗಿರುತ್ತದೆ. ಕತ್ತನ್ನು ಹಿಂದಕ್ಕೆ ಚಾಚಿ ಮಲಗುತ್ತಾನೆ, ಫ್ಯಾನಿನ ಕೆಳಗೂ ತಲೆ ಬೆವರುತ್ತದೆ. ನೀವು ಹೇಳಿದಂತೆ ಸದ್ದು ನಿಲ್ಲುವುದುಂಟು, ನಾನು ಅದನ್ನು ಕನಸು ಎಂದುಕೊಂಡಿದ್ದೆ. ಎರಡು ಮೂರು ಸಲ ಕರೆಯಬೇಕು. ಟಿವಿಗೆ ಮುಖ ಹಚ್ಚಿ ನಿಲ್ಲುತ್ತಾನೆ.

ವೈದ್ಯೆ: ಆ ಸಿರಪ್ ಕೊಡಬೇಡಿ. ನಿದ್ದೆ ಬರುತ್ತದೆಯೋ ನೋಡೋಣ ಎಂದು ಮನೆಯಲ್ಲಿ ಒಂದು ಹನಿ ಪರೀಕ್ಷಿಸಲೂ ಬೇಡಿ.

ಕಾರಣ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ. ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮೆತ್ತನೆಯ ಗಂಟು ಎಲ್ಲ ಮಕ್ಕಳಲ್ಲೂ ಇರುತ್ತದೆ. ಅದು ಊದಿಕೊಂಡರೆ ಉಸಿರಿನ ದಾರಿ ಕಟ್ಟುತ್ತದೆ. ದಿನವೂ ಗೊರಕೆ, ತೆರೆದ ಬಾಯಿ, ಚಾಚಿದ ಕತ್ತು, ಬೆವರಿದ ತಲೆ: ಇವೆಲ್ಲ ಒಟ್ಟಿಗೆ ಇದ್ದರೆ ಮಗು ನಿದ್ದೆಯಲ್ಲಿ ಉಸಿರಿಗಾಗಿ ಶ್ರಮಪಡುತ್ತಿದೆ ಎಂದು ಅರ್ಥ. ದಾರಿ ಪೂರ್ತಿ ಮುಚ್ಚಿದಾಗ ಮಿದುಳು ಅವನನ್ನು ಅರೆಕ್ಷಣ ಎಬ್ಬಿಸಿ ಉಸಿರಾಡಿಸುತ್ತದೆ. ನೀವು ಕನಸು ಎಂದುಕೊಂಡದ್ದು ಅದನ್ನೇ. ಮಂಪರು ತರುವ ಔಷಧ ಮೊದಲು ಮಂಕು ಮಾಡುವುದು ಹೀಗೆ ಎಬ್ಬಿಸುವ ಶಕ್ತಿಯನ್ನು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಟ್ಟು ಉಸಿರಾಟ ಕುಗ್ಗಿ ಸಾವು ಸಂಭವಿಸಿದ ದಾಖಲೆಗಳಿವೆ. ಅದರ ಮೇಲೆ ವಿಮಾನ. ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು, ಅಂದರೆ ಹೆಚ್ಚುಕಡಿಮೆ ಊಟಿಯಷ್ಟು ಎತ್ತರ. ಗಟ್ಟಿಮುಟ್ಟಾದ ಮಗುವಿಗೆ ಅದು ಗೊತ್ತೂ ಆಗುವುದಿಲ್ಲ. ಮೊದಲೇ ಉಸಿರು ಕಟ್ಟುವ ಮಗು, ಮೇಲೆ ಮಂಪರು, ಸುತ್ತ ತೆಳು ಗಾಳಿ, ದೀಪ ಆರಿಸಿದ ವಿಮಾನ, ಪಕ್ಕದಲ್ಲಿ ನಿದ್ದೆ ಹೋದ ತಂದೆತಾಯಿ. ಈ ಮಗುವಿನ ವಿಷಯದಲ್ಲಿ ನನಗೆ ಭಯವಿದೆ, ಮುಚ್ಚಿಡುವುದಿಲ್ಲ.

ಇನ್ನು ಕಿವಿ. ನೋವು ಹೋಗಿದೆ, ನೀರು ಹೋಗಿರಲಿಕ್ಕಿಲ್ಲ. ಸೋಂಕು ಇಳಿದ ಮೇಲೂ ಕಿವಿತಮಟೆಯ ಹಿಂದೆ ನೀರು ವಾರಗಟ್ಟಲೆ, ಕೆಲವರಲ್ಲಿ ಮೂರು ತಿಂಗಳವರೆಗೂ ನಿಲ್ಲುತ್ತದೆ. ಸೋಜಿಗವೆಂದರೆ, ಪೂರ್ತಿ ನೀರು ತುಂಬಿದ ಕಿವಿ ವಿಮಾನದಲ್ಲಿ ಕಡಿಮೆಯೇ ನೋಯುತ್ತದೆ, ಒತ್ತಡಕ್ಕೆ ಹಿಗ್ಗಿ ಕುಗ್ಗಲು ಅಲ್ಲಿ ಗಾಳಿ ಇರುವುದಿಲ್ಲ. ಆದರೆ ಆ ಕಿವಿಗೆ ಮಾತು ಮಂದವಾಗಿ ಕೇಳುತ್ತದೆ. ಇದು ಮಾತು ಕಲಿಯುವ ವಯಸ್ಸು. ಎಷ್ಟು ಪದ ಆಡುತ್ತಾನೆ? ಮೂಗು, ಗಂಟಲು, ಕಿವಿಯ ತಜ್ಞರಿಗೆ ತೋರಿಸಿ, ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಅದಕ್ಕೂ ಮೊದಲು ಇಂದು ಅವನು ಗಾಢ ನಿದ್ದೆಗೆ ಹೋದ ಮೇಲೆ ಅಂಗಿ ಬಿಚ್ಚಿ, ದೀಪ ಹಾಕಿ, ಎದೆ ಮತ್ತು ಮುಖ ಎರಡೂ ಕಾಣುವಂತೆ ಎರಡು ನಿಮಿಷ ವಿಡಿಯೊ ಮಾಡಿ. ಬಳಗದಲ್ಲಿ ಹಾಕಬೇಡಿ, ನನಗೆ ನೇರವಾಗಿ ಕಳುಹಿಸಿ.

ಕಾಂದಿವಲಿಯ ತಂದೆ: ನ್ಯೂಯಾರ್ಕಿಗೆ ನಾಲ್ಕು ದಿನ. ಮಗಳಿಗೆ ಎರಡು. ಸಲಹೆ?

ವೈದ್ಯೆ: ಬೇಡ. ಮೇ ತಿಂಗಳಲ್ಲಿ ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ. ಲೆಕ್ಕ ನೀವೇ ಹಾಕಿ.

ನೆರೂಳಿನ ಸದಸ್ಯರು: ನಾನೂ ಅದನ್ನೇ ಹೇಳಬೇಕೆಂದಿದ್ದೆ. ಎರಡು ವರ್ಷದ ಮಗುವಿಗೆ ಲಂಡನ್ ಏನು, ಲೋಣಾವಳ ಏನು? ಫೋಟೊ ಹಾಕುವ ಆಸೆಗೆ ಇಡೀ ವಿಮಾನದವರ ನಿದ್ದೆ ಕೆಡಿಸುವುದು.

ಚೆಂಬೂರಿನ ತಾಯಿ: ಮಗುವಿಗಾಗಿಯೇ ಹೋಗುತ್ತಾರೆ ಎಂದವರು ಯಾರು? ತಾಯಿಗೂ ಐದು ದಿನ ರಜೆ ಬೇಕು. ಮಗು ಅತ್ತರೆ ಅಳುತ್ತದೆ. ನೀವೂ ಅತ್ತೇ ಬೆಳೆದದ್ದು.

ಮೀರಾ ರೋಡಿನ ಕಾಕಾ: ನಮ್ಮ ಕಾಲದಲ್ಲಿ ಮೂರು ಮಕ್ಕಳನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ಯುತ್ತಿದ್ದೆವು. ಒಂದು ಹಗಲು, ಒಂದು ರಾತ್ರಿ. ಸೊಲ್ಲಾಪುರದಲ್ಲಿ ಹಾಲು ಕಾಸಿಸಿಕೊಳ್ಳುತ್ತಿದ್ದೆವು. ಯಾವ ವೈದ್ಯರನ್ನೂ ಕೇಳಲಿಲ್ಲ.

ಚೆಂಬೂರಿನ ತಾಯಿ: ಹಾಲು ಕಾಸಿಸಿದವರು ನೀವೋ, ಕಾಕುವೋ?

ನೆರೂಳಿನ ಸದಸ್ಯರು: ಹಿರಿಯರಿಗೆ ಹೀಗೆ ಮಾತನಾಡುವುದೇ?

ಚೆಂಬೂರಿನ ತಾಯಿ: ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು.

ಗೋರೆಗಾಂವಿನ ತಾಯಿ: ಮಡಚುವ ತಳ್ಳುಗಾಡಿ ಯಾವ ಕಂಪನಿಯದು ಒಳ್ಳೆಯದು?

ವಾಶಿಯ ತಾಯಿ: ಮೇಡಂ, ಲಂಡನ್ನಿನಲ್ಲಿ ಐದು ದಿನಕ್ಕೆ ಮಗುವಿನ ನಿದ್ದೆಯ ಹೊತ್ತು ಬದಲಾಯಿಸಬೇಕೇ?

ವೈದ್ಯೆ: ಪೂರ್ತಿ ಬದಲಾಯಿಸಲು ಹೋಗಬೇಡಿ. ಅಷ್ಟರಲ್ಲಿ ವಾಪಸು ಹೊರಡುತ್ತೀರಿ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ನಾಲ್ಕೂವರೆ. ಆ ಹೊತ್ತಿಗೆ ಮಗುವನ್ನು ಬಯಲಿಗೆ ಕರೆದೊಯ್ದು ಬಿಸಿಲಲ್ಲಿ ಆಡಿಸಿ. ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಸುಮಾರಿಗೆ, ಆ ಬೆಳಕೇ ನಿದ್ದೆಯನ್ನು ಮುಂದೂಡುತ್ತದೆ. ಪರದೆ ಎಳೆದು ಏಳಕ್ಕೆ ಮಲಗಿಸಿ. ನಸುಕಿನ ನಾಲ್ಕಕ್ಕೆ ಏಳುತ್ತದೆ, ಏಳಲಿ. ಮಂದ ಬೆಳಕಿನಲ್ಲಿ ತಿನ್ನಲು ಕೊಟ್ಟು ಜೊತೆಗಿರಿ, ಮೊಬೈಲ್ ಕೊಡಬೇಡಿ. ನೋಡುವ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ. ದಿನಕ್ಕೆ ಒಂದೇ ಜಾಗ. ಸಂಜೆಯ ನಾಟಕ, ರಾತ್ರಿಯ ಹೋಟೆಲು ಈ ಸಲ ಇಲ್ಲ.

ಕಲ್ಯಾಣದ ತಾಯಿ: ರಾಗಿ ಸರಿಯ ಹಿಟ್ಟು ಒಯ್ದು ವಿಮಾನದಲ್ಲಿ ಕಲಸಬಹುದೇ? ಬಿಸಿನೀರು ಕೊಡುತ್ತಾರೆಯೇ?

ವೈದ್ಯೆ: ಮನೆಯಲ್ಲೇ ಹುರಿದು ಬೇಯಿಸಿ ಒಣಗಿಸಿದ ಹಿಟ್ಟಾದರೆ ಸರಿ. ನೀರು ಕೇಳಿದರೆ ಕೊಡುತ್ತಾರೆ. ಆದರೆ ಮಗು ಮಡಿಲಲ್ಲಿರುವಾಗ ಬಿಸಿನೀರು, ಚಹಾ, ಕಾಫಿ ಯಾವುದನ್ನೂ ಕೈಗೆ ತೆಗೆದುಕೊಳ್ಳಬೇಡಿ. ವಿಮಾನ ಒಮ್ಮೆ ಕುಲುಕಿದರೆ ಸಾಕು, ಮಗುವಿನ ತೊಡೆ ಬೊಬ್ಬೆ ಏಳುತ್ತದೆ. ನೀವೆಲ್ಲ ಕಿವಿಯ ಬಗ್ಗೆ ಕೇಳುತ್ತಿದ್ದೀರಿ, ಇದನ್ನು ಒಬ್ಬರೂ ಕೇಳಲಿಲ್ಲ.

ಪನವೇಲಿನ ತಂದೆ: ಮೇಡಂ, ಕಿವಿ ನೋವಿಗೆ ಏನು ಮಾಡಬೇಕು?

ವೈದ್ಯೆ: ಮೇಲೆ ಬರೆದಿದ್ದೇನೆ.

ಪುಣೆಯ ತಾಯಿ: ನಾವು ಕೆನ್ಯಾಕ್ಕೆ, ಆರು ದಿನ. ಮಗುವಿಗೆ ಹದಿನಾರು ತಿಂಗಳು. ವಿಮಾನದ ಪ್ರಯಾಣ ಚಿಕ್ಕದೇ, ತೊಂದರೆ ಇಲ್ಲವಲ್ಲ?

ವೈದ್ಯೆ: ವಿಮಾನದ್ದಲ್ಲ ತೊಂದರೆ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಹಳದಿ ಜ್ವರದ ಲಸಿಕೆ ಹಾಕಿಸಬೇಕು. ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಕೆನ್ಯಾದಿಂದ ಮರಳಿದರೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ದಡಾರದ ಎರಡನೆಯ ಲಸಿಕೆ ಇತ್ತೀಚೆಗೆ ಹಾಕಿಸಿದ್ದರೆ ಎರಡರ ನಡುವೆ ನಾಲ್ಕು ವಾರ ಅಂತರ ಬೇಕು. ಮೊಟ್ಟೆ ತಿಂದರೆ ಮೈಮೇಲೆ ದದ್ದು ಏಳುವುದಿದ್ದರೆ ಮೊದಲೇ ಹೇಳಿ. ಮಲೇರಿಯಾ ತಡೆಯುವ ಔಷಧವನ್ನು ತೂಕ ನೋಡಿ ಕೊಡಬೇಕು, ಮಗುವನ್ನು ಪುಣೆಯ ಮಕ್ಕಳ ವೈದ್ಯರ ಬಳಿ ಈ ವಾರವೇ ಒಯ್ಯಿರಿ.

ಮುಲುಂಡಿನ ಅಮ್ಮ: ಕರ್ಪೂರ ಬೇಡವಾದರೆ ಬಿಡಿ. ನಿದ್ದೆಗೆ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ಹಾಲಲ್ಲಿ ಕೊಡಬಹುದಲ್ಲ? ಅದು ಔಷಧವಲ್ಲ, ಮನೆಮದ್ದು.

ವೈದ್ಯೆ: ನಿದ್ದೆ ಬರಿಸಬೇಕೆಂದೇ ಕೊಟ್ಟರೆ ಅದು ಔಷಧವೇ. ಎರಡು ಸುತ್ತು ತೇಯುವ ಬದಲು ಹತ್ತು ಸುತ್ತು ತೇಯ್ದರೆ ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚಾದರೆ ಜಾಯಿಕಾಯಿ ಎದೆಬಡಿತ ಏರಿಸುತ್ತದೆ, ಮಗುವನ್ನು ಭ್ರಮೆಗೆ ತಳ್ಳುತ್ತದೆ. ಇದೇ ಮುಂಬಯಿಯಲ್ಲಿ ಗಿರಣಿಗೆ ಹೋಗುವ ತಾಯಂದಿರು ಮಕ್ಕಳು ಮಲಗಿರಲಿ ಎಂದು ಬಾಳಗೋಳಿ ಕೊಡುತ್ತಿದ್ದ ಕಾಲವಿತ್ತು. ಅದರಲ್ಲಿ ಇದ್ದದ್ದು ಅಫೀಮು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ. ಬ್ರಾಂದಿಯ ಹನಿ, ಬೆಳ್ಳುಳ್ಳಿ ಎಣ್ಣೆ, ನೆಗಡಿಯ ಸಿರಪ್, ಯಾವುದೂ ಬೇಡ. ಕ್ಲೋರ್‌ಫೆನಿರಮೈನ್, ಫೆನೈಲೆಫ್ರಿನ್ ಎರಡೂ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಬರೆಯಲು 2023ರ ಡಿಸೆಂಬರಿನಲ್ಲೇ ಸರಕಾರ ಸೂಚಿಸಿದೆ. ಓದಿ ನೋಡಿ.

ಮೀರಾ ರೋಡಿನ ಕಾಕಾ: ಎಲ್ಲದಕ್ಕೂ ಬೇಡ ಎನ್ನುವುದಾದರೆ ಪ್ರಶ್ನೋತ್ತರ ಏತಕ್ಕೆ?

ನಿರ್ವಾಹಕರು: ಎಲ್ಲರೂ ಸೌಜನ್ಯದಿಂದ ಬರೆಯಬೇಕೆಂದು ವಿನಂತಿ.

ಐರೋಲಿಯ ತಾಯಿ: ಕಿವಿಗೆ ಏನಾದರೂ ಹನಿ ಇದೆಯೇ ಮೇಡಂ?

ವೈದ್ಯೆ: ಇಲ್ಲ. ಇಳಿಯುವಾಗ ಕುಡಿಸಿ. ಓದಿ ಕೇಳಿ.

ಮಡಗಾಂವಿನ ತಂದೆ: ನಮ್ಮದು ಗೋವಾದಿಂದ ನೇರ ವಿಮಾನವಲ್ಲ, ಮುಂಬಯಿಯಲ್ಲಿ ಆರು ಗಂಟೆ ಕಾಯಬೇಕು. ಮಗುವನ್ನು ಅಲ್ಲೇ ಮಲಗಿಸುವುದೋ ಎಚ್ಚರವಾಗಿಡುವುದೋ?

ಡೊಂಬಿವಿಲಿಯ ತಾಯಿ: ಮೇಡಂ, ವಿಡಿಯೊ ಕಳುಹಿಸಿದ್ದೇನೆ. ಪದಗಳು ಆರೋ ಏಳೋ ಅಷ್ಟೇ.

ವೈದ್ಯೆ: ನೋಡಿದೆ. ಪ್ರತಿ ಉಸಿರಿಗೂ ಎದೆಯ ಮೂಳೆಯ ಕೆಳಗೆ ಗುಳಿ ಬೀಳುತ್ತಿದೆ. ವಿಡಿಯೊದ ಒಂದು ಹಂತದಲ್ಲಿ ಎದೆ ಆಡುತ್ತಿದೆ, ಆದರೆ ಗಾಳಿ ಒಳಗೆ ಹೋಗುತ್ತಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕರೆದುಕೊಂಡು ಬನ್ನಿ, ತಜ್ಞರೊಂದಿಗೆ ನಾನೇ ಮಾತನಾಡುತ್ತೇನೆ. ಇಂದು ರಾತ್ರಿ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಒಬ್ಬರು ಪಕ್ಕದಲ್ಲಿರಿ. ತುಟಿ ನೀಲಿಯಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ನನ್ನ ಉತ್ತರಕ್ಕೆ ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಿ. ಟಿಕೆಟ್ ಈಗಲೇ ರದ್ದು ಮಾಡಬೇಡಿ, ಪರೀಕ್ಷೆಯ ನಂತರ ನೋಡೋಣ. ಆ ಬಾಟಲಿಯನ್ನೂ ತನ್ನಿ.