ಒಂದೇ ಗಣಕ, ಹತ್ತು ಪದಕೋಶ

“ಒಂದು ಪದವನ್ನು ಒಂದು ಗಣಕಕ್ಕೆ ಎಷ್ಟು ಸಲ ಕಲಿಸಬೇಕು?” ಎಂದು ರಾಯರು ಕೇಳಿದ ಧಾಟಿಯಲ್ಲಿ ಪ್ರಶ್ನೆಗಿಂತ ಆಪಾದನೆಯೇ ಹೆಚ್ಚಾಗಿತ್ತು. ಕರಡು ತಿದ್ದುವುದೇ ಕಸುಬಾದ ಅವರು, ಲೇಖನ ಬರೆಯುವ ತಂತ್ರಾಂಶದಲ್ಲಿ ‘ಜೀವಿವೈವಿಧ್ಯ’ ಎಂಬ ಪದದ ಕೆಳಗೆ ಕೆಂಪು ಗೆರೆ ಕಂಡು ಅದನ್ನು ಪದಕೋಶಕ್ಕೆ ಸೇರಿಸಿ, ನೆಮ್ಮದಿಯಿಂದ ಬ್ರೌಸರ್ ತೆರೆದರೆ ಅಲ್ಲಿಯೂ ಅದೇ ಪದಕ್ಕೆ ಅದೇ ಗೆರೆ. ಅಲ್ಲಿಯೂ ಸೇರಿಸಿ, ಟಿಪ್ಪಣಿ ಬರೆಯುವ ಪುಟ್ಟ ಎಡಿಟರ್‌ಗೆ ಬಂದರೆ, ಅದಂತೂ ಆ ಪದವನ್ನು ಹುಟ್ಟಿದಾರಭ್ಯ ಕಂಡೇ ಇಲ್ಲವೆಂಬಂತೆ ಮತ್ತೊಂದು ಗೆರೆ ಎಳೆದಿತ್ತಂತೆ.

“ಈ ಗಣಕವನ್ನು ನಡೆಸುವ ಲಿನಕ್ಸ್‌ನಲ್ಲಿ ಎಲ್ಲವನ್ನೂ ಹಂಚಿಕೊಳ್ಳುತ್ತಾರೆಂದು ನೀನೇ ಅಲ್ಲವೇನಯ್ಯಾ ಹೇಳಿದ್ದು?” ಎಂದು ಅವರು ಸೀನುವಿನ ಕಡೆಗೆ ತಿರುಗಿದರು.

“ತಂತ್ರಾಂಶದ ಒಳಬರಹವಾದ ಸೋರ್ಸ್ ಕೋಡ್ ಹಂಚಿಕೊಳ್ಳುತ್ತಾರೆ ಎಂದಿದ್ದೆ ರಾಯರೇ, ಪದಕೋಶದ ಮಾತು ನಾನೆತ್ತಿರಲಿಲ್ಲ,” ಎಂದು ಸೀನು ವಿನಯದಿಂದಲೇ ನುಣುಚಿಕೊಂಡ. “ಆದರೂ ನೀವು ಬೈಯುತ್ತಿರುವುದು ಅರ್ಧಕ್ಕೆ ಮಾತ್ರ ಸಲ್ಲುತ್ತದೆ. ಪದಕೋಶದಲ್ಲಿ ಎರಡು ಬಗೆ. ಭಾಷೆಗೆಲ್ಲ ಒಂದೇ ಆದ ಮೂಲಕೋಶ ಒಂದು, ನೀವು ಒಂದೊಂದೇ ಸೇರಿಸುತ್ತ ಬಂದ ಸ್ವಂತ ಪಟ್ಟಿ ಇನ್ನೊಂದು. ಮೊದಲನೆಯದನ್ನು ಹಂಚಿಕೊಳ್ಳುವ ವ್ಯವಸ್ಥೆ ಎಂದೋ ಆಗಿದೆ.”

ಆಗಿರುವುದು ನಿಜ. ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶಕ್ಕಾಗಿ ಕೆವಿನ್ ಹೆಂಡ್ರಿಕ್ಸ್ ಬರೆದ ಮೈಸ್ಪೆಲ್ ಎಂಬ ಕಾಗುಣಿತ ಪರೀಕ್ಷಕವನ್ನು ಆಧಾರವಾಗಿಟ್ಟುಕೊಂಡು ಹಂಗೇರಿಯ ಲಾಸ್ಲೊ ನೇಮೆತ್ ಹನ್‌ಸ್ಪೆಲ್ ಕಟ್ಟಿದರು. ಓಪನ್‌ಆಫೀಸ್ ಅದನ್ನೇ ಒಪ್ಪಿಕೊಂಡಿತು, 2008ರಲ್ಲಿ ಬಂದ ಫೈರ್‌ಫಾಕ್ಸ್ 3 ಬ್ರೌಸರ್ ಕೂಡ ಅದೇ ದಾರಿ ಹಿಡಿಯಿತು. ಅದರ ಕೋಶವೆಂದರೆ ಎರಡು ಫೈಲುಗಳ ಜೋಡಿ: ಡಿಐಸಿ ಫೈಲಿನಲ್ಲಿ ಮೂಲಪದಗಳೂ ಅವುಗಳಿಗೆ ಅಂಟಿದ ಗುರುತುಗಳೂ, ಎಎಫ್‌ಎಫ್ ಫೈಲಿನಲ್ಲಿ ಆ ಗುರುತುಗಳಿಗೆ ಯಾವ ಪ್ರತ್ಯಯ ಹೇಗೆ ಹತ್ತುತ್ತದೆಂಬ ನಿಯಮಗಳೂ ಇರುತ್ತವೆ. ‘ಮರ’ ಎಂದು ಒಮ್ಮೆ ಬರೆದು ಗುರುತು ಹಾಕಿದರೆ ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ ಎಂದು ಬೇರೆ ಬೇರೆ ಬರೆದಿಡಬೇಕಾಗಿಲ್ಲ.

“ಹಂಗೇರಿಯವರಿಗೆ ವಿಭಕ್ತಿಯ ಗೋಳು ಗೊತ್ತಿರಲೇಬೇಕು,” ಎಂದು ಮೇಷ್ಟ್ರು ದೂರದ ಬಂಧುವೊಬ್ಬ ಸಿಕ್ಕಿದಂತೆ ಹಿಗ್ಗಿದರು. “ಇಂಗ್ಲಿಷಿನವರು ಮಾಡಿದ್ದರೆ ಬಾಲಕ್ಕೆ ಒಂದು ಎಸ್ ಹಚ್ಚಿ ಕೈತೊಳೆದುಕೊಳ್ಳುತ್ತಿದ್ದರು.”

“ಆ ಜೋಡಿ ಫೈಲುಗಳು ಯುಎಸ್‌ಆರ್ ಎಂಬ ಫೋಲ್ಡರಿನ ಕೆಳಗಿನ ಶೇರ್‌ನಲ್ಲಿ, ಹನ್‌ಸ್ಪೆಲ್ ಎಂಬ ಫೋಲ್ಡರಿನಲ್ಲಿ ಕೂತಿರುತ್ತವೆ. ಕನ್ನಡದ ಪ್ಯಾಕೇಜನ್ನು ಒಮ್ಮೆ ಹಾಕಿಕೊಂಡರೆ ಲಿನಕ್ಸನ್ನು ಜೋಡಿಸಿ ಹಂಚುವ ವಿತರಣೆಯವರು ಕಟ್ಟಿಕೊಟ್ಟ ಲಿಬ್ರೆಆಫೀಸ್‌ನಂಥ ಕಚೇರಿ ತಂತ್ರಾಂಶಗಳು ಅಲ್ಲಿಂದಲೇ ಓದಿಕೊಳ್ಳುತ್ತವೆ. ಆದೇಶ ಬರೆಯುವ ಟರ್ಮಿನಲ್ಲಿನಲ್ಲಿ ಹನ್‌ಸ್ಪೆಲ್ ಎಂದು ಬರೆದು ಮುಂದೆ ಅಡ್ಡಗೆರೆಯೊಂದಿಗೆ ದೊಡ್ಡ ಡಿ (-D) ಕೊಟ್ಟರೆ ಎಲ್ಲೆಲ್ಲಿ ಹುಡುಕಿತು, ಏನೇನು ಸಿಕ್ಕಿತು ಎಂದು ತಾನೇ ಒದರುತ್ತದೆ,” ಎಂದು ಸೀನು ಮಾತು ಮುಂದುವರಿಸಿದ.

“ನನ್ನದರಲ್ಲಿ ಕೆಲವು ಓದುವುದಿಲ್ಲವಲ್ಲ?” ಎಂದರು ಮೇಷ್ಟ್ರು.

“ನೀವು ಫ್ಲಾಟ್‌ಪ್ಯಾಕಿನಲ್ಲಿ ಹಾಕಿಕೊಂಡಿರುತ್ತೀರಿ ಮೇಷ್ಟ್ರೇ. ಅದು ಮುಚ್ಚಿದ ಪೆಟ್ಟಿಗೆಯೊಳಗಿನ ಸಂಸಾರ. ಹೊರಗಿನ ಯುಎಸ್‌ಆರ್ ಅದರ ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆಯೊಳಗೆ ಕನ್ನಡಕೋಶವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.”

ಇಷ್ಟಾದರೂ ರಾಯರ ಕೋಪ ಇಳಿಯಲಿಲ್ಲ. ಅವರ ದೂರು ಇದ್ದದ್ದು ಸ್ವಂತ ಪಟ್ಟಿಯ ಮೇಲೆ. ಅಲ್ಲಿ ನಿಜಕ್ಕೂ ಪಾಳೆಯಗಾರಿಕೆಯೇ ನಡೆದಿದೆ. ಲಿಬ್ರೆಆಫೀಸ್ ತನ್ನ ಪಟ್ಟಿಯನ್ನು ವರ್ಡ್‌ಬುಕ್ ಎಂಬ ಫೋಲ್ಡರಿನಲ್ಲಿಡುತ್ತದೆ, ಫೈರ್‌ಫಾಕ್ಸ್ ತನ್ನ ಪ್ರೊಫೈಲಿನೊಳಗೆ ಪರ್ಸ್‌ಡಿಕ್ಟ್ ಎಂಬ ಫೈಲಿನಲ್ಲಿ, ವಿಮ್ ಎಡಿಟರ್ ಇನ್ನೆಲ್ಲೋ ಸ್ಪೆಲ್ ಎಂಬ ಫೋಲ್ಡರಿನಲ್ಲಿ, ಆಸ್ಪೆಲ್ ಎಂಬ ಇನ್ನೊಂದು ಪರೀಕ್ಷಕ ಬಳಕೆದಾರರ ಹೋಮ್ ಫೋಲ್ಡರಿನಲ್ಲೇ ಚುಕ್ಕಿಯಿಂದ ಶುರುವಾಗುವ ಅಡಗುಹೆಸರಿನ ಫೈಲಿನಲ್ಲಿ. ಇವುಗಳ ನಡುವೆ ಸಂಧಾನಕ್ಕೆಂದೇ ಅಬಿವರ್ಡ್ ಎಂಬ ಬರವಣಿಗೆ ತಂತ್ರಾಂಶದ ಬಳಗದಿಂದ ಎಂಚಾಂಟ್ ಎಂಬ ಮಧ್ಯಸ್ಥನೊಬ್ಬ ಹುಟ್ಟಿಕೊಂಡ. ಹಿಂದೆ ಹನ್‌ಸ್ಪೆಲ್ ಇರಲಿ, ಆಸ್ಪೆಲ್ ಇರಲಿ, ಫಿನ್ನಿಷ್ ಭಾಷೆಯ ವೊಯ್ಕೊ ಇರಲಿ, ಮುಂದಿನ ತಂತ್ರಾಂಶ ಮಾತಾಡುವುದು ಎಂಚಾಂಟಿನೊಂದಿಗೆ ಮಾತ್ರ. ಸ್ವಂತ ಪಟ್ಟಿಯನ್ನೂ ಅವನೇ ಭಾಷೆಗೊಂದರಂತೆ ಕಾಪಾಡುತ್ತಾನೆ. ಲಿನಕ್ಸ್‌ನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನ ಹಲವು ತಂತ್ರಾಂಶಗಳು ಅವನ ಮಾತು ಕೇಳುತ್ತವೆ. ಕೇಳದಿರುವ ದೊಡ್ಡವರೆಂದರೆ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮತ್ತು ಕ್ರೋಮ್. ರಾಯರ ದಿನವೆಲ್ಲ ಕಳೆಯುವುದು ಈ ದೊಡ್ಡವರ ನಡುವೆಯೇ ಆದದ್ದರಿಂದ ಮಧ್ಯಸ್ಥನಿದ್ದರೂ ಅವರಿಗೆ ಪ್ರಯೋಜನವಿಲ್ಲ.

“ಎಲ್ಲ ಫೈಲುಗಳನ್ನೂ ಅಳಿಸಿ, ಒಂದೇ ಪಟ್ಟಿಗೆ ಎಲ್ಲ ಕಡೆಯಿಂದ ಸಿಮ್‌ಲಿಂಕ್ ಕೊಟ್ಟುಬಿಡು, ಮುಗಿಯಿತಲ್ಲ!” ಎಂದರು ಮೇಷ್ಟ್ರು. ಒಂದು ಫೈಲನ್ನು ಬೇರೆ ಜಾಗದಿಂದ ತೋರಿಸುವ ಕೊಂಡಿಗೆ ಸಿಮ್‌ಲಿಂಕ್ ಎನ್ನುವ ಪದವನ್ನು ಅವರು ಇತ್ತೀಚೆಗೆ ಕಲಿತದ್ದರಿಂದ ಬಳಸದೆ ಬಿಡುವ ಹಾಗಿರಲಿಲ್ಲ.

“ಮುಗಿಯುವುದು ಪಟ್ಟಿಯೇ,” ಎಂದ ಸೀನು. “ಲಿಬ್ರೆಆಫೀಸಿನ ಫೈಲಿಗೆ ತಲೆಬರಹ ಬೇಕು, ಆಸ್ಪೆಲ್ ಫೈಲಿಗೆ ಅದರದೇ ಬೇರೆ ತಲೆಬರಹ, ಕ್ರೋಮ್ ತನ್ನ ಪಟ್ಟಿಯ ಕೊನೆಗೆ, ಪಟ್ಟಿ ಬದಲಾಗಿದೆಯೇ ಎಂದು ತಿಳಿಸುವ ಲೆಕ್ಕವಾದ ಚೆಕ್‌ಸಮ್ ಬರೆದಿಟ್ಟುಕೊಳ್ಳುತ್ತದೆ. ಫೈರ್‌ಫಾಕ್ಸಿನದು ಮಾತ್ರ ಸಾಲಿಗೊಂದು ಪದವಿರುವ ಸಾದಾ ಪಟ್ಟಿ. ಆದ್ದರಿಂದ ಮೂಲಪಟ್ಟಿಯೊಂದನ್ನು ನಾವೇ ಇಟ್ಟುಕೊಂಡು, ತಂತ್ರಾಂಶಗಳನ್ನೆಲ್ಲ ಮುಚ್ಚಿ, ಒಂದು ಪುಟ್ಟ ಸ್ಕ್ರಿಪ್ಟಿನಿಂದ ಎಲ್ಲ ಪಟ್ಟಿಗಳನ್ನೂ ಒಟ್ಟುಗೂಡಿಸಿ, ಪುನರಾವರ್ತನೆ ತೆಗೆದು, ಅವರವರ ತಲೆಬರಹದೊಂದಿಗೆ ಅವರವರಿಗೆ ಹಿಂದಿರುಗಿಸಬೇಕು.”

ಸ್ಕ್ರಿಪ್ಟ್ ಬರೆದದ್ದೂ ಆಯಿತು. ಮೇಷ್ಟ್ರು ಉದಾರಬುದ್ಧಿಯಿಂದ ತಮ್ಮ ಪಟ್ಟಿಯನ್ನೂ ದಾನ ಮಾಡಿದರು. ಒಟ್ಟುಗೂಡಿದ ಪಟ್ಟಿಯಲ್ಲಿ ‘ಲಿನಕ್ಸ್’ ಎರಡು ಸಲ ಕಾಣಿಸಿಕೊಂಡಾಗ ಪುನರಾವರ್ತನೆ ತೆಗೆದ ಚಂದ ನೋಡಿರೆಂದು ರಾಯರು ಗೇಲಿ ಮಾಡಿದರು. ಸೀನು ಅಕ್ಷರಗಳ ಸಂಕೇತಗಳನ್ನು ಬಿಡಿಸಿ ತೋರಿಸಿದ ಮೇಲೆ ತಿಳಿದದ್ದು, ಒಂದರ ಕೊನೆಯಲ್ಲಿ ಯೂನಿಕೋಡ್ 200ಸಿ ಎಂಬ, ಅಗಲವೇ ಇಲ್ಲದ, ಅರ್ಧಾಕ್ಷರವನ್ನು ಮುಂದಿನದಕ್ಕೆ ಕೂಡಿಕೊಳ್ಳದಂತೆ ತಡೆಯುವ ಸಂಕೇತ ಅಡಗಿ ಕೂತಿತ್ತು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಕರಡು ತಿದ್ದುವ ವೃತ್ತಿಯಲ್ಲಿ ಕಾಣದ ತಪ್ಪನ್ನು ತಿದ್ದಿದ್ದಕ್ಕೆ ಯಾರೂ ಸಂಭಾವನೆ ಕೊಡುವುದಿಲ್ಲವೆಂದು ರಾಯರು ಗೊಣಗಿದರು.

ಆಮೇಲೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. “ವಿಧ್ಯಾರ್ಥಿ! ದ್ಯ ಇರಬೇಕಾದಲ್ಲಿ ಧ್ಯ! ಇದನ್ನು ಪದಕೋಶಕ್ಕೆ ಸೇರಿಸಿದ ಪುಣ್ಯಾತ್ಮರು ಯಾರು?”

ಮೇಷ್ಟ್ರು ಕಿಟಕಿಯ ಹೊರಗೆ ನೋಡತೊಡಗಿದರು. “ಕೆಂಪು ಗೆರೆ ಕಣ್ಣಿಗೆ ಹಿಂಸೆ ಮಾಡುತ್ತಿತ್ತು,” ಎಂದು ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಕೊಂಡರು.

“ನಿಮ್ಮ ಒಂದು ತಂತ್ರಾಂಶದಲ್ಲಿದ್ದ ತಪ್ಪು ಈಗ ನನ್ನ ಎಲ್ಲ ತಂತ್ರಾಂಶಗಳಲ್ಲೂ ಸರಿಯಾಗಿಬಿಟ್ಟಿದೆಯಲ್ಲ ಮೇಷ್ಟ್ರೇ!”

“ಹನ್‌ಸ್ಪೆಲ್ಲಿನ ಸ್ವಂತ ಪಟ್ಟಿಯಲ್ಲಿ ಪದದ ಮುಂದೆ ನಕ್ಷತ್ರ ಇಟ್ಟರೆ ಅದಕ್ಕೆ ನಿಷೇಧ ಬೀಳುತ್ತದೆ,” ಎಂದು ಸೀನು ಸಮಾಧಾನಕ್ಕೆ ಬಂದ. “ಇನ್ನೊಂದು ಸೊಗಸೂ ಇದೆ. ಬ್ರೌಸರ್ ಎಂದು ಬರೆದು, ಓರೆಗೆರೆ ಹಾಕಿ, ಕಂಪ್ಯೂಟರ್ ಎಂದರೆ, ಮೂಲಕೋಶದಲ್ಲಿ ಕಂಪ್ಯೂಟರಿಗೆ ಪ್ರತ್ಯಯದ ಗುರುತಿದ್ದ ಪಕ್ಷದಲ್ಲಿ, ಬ್ರೌಸರೂ ಅದರಂತೆಯೇ ವಿಭಕ್ತಿ ಹಚ್ಚಿಕೊಳ್ಳುತ್ತದೆ.”

“ಆ ನಕ್ಷತ್ರ ಎಲ್ಲ ಕಡೆಯೂ ನಡೆಯುತ್ತದೆಯೇ?” ಎಂದು ನಾನು ಕೇಳಿದೆ.

ಸೀನು ತಲೆ ಕೆರೆದುಕೊಂಡ. ಎಂಚಾಂಟಿನಲ್ಲಿ ನಿಷಿದ್ಧ ಪದಗಳಿಗೆ ಬೇರೆಯದೇ ಫೈಲು. ಲಿಬ್ರೆಆಫೀಸಿನಲ್ಲಿ ಅಪವಾದಗಳಿಗೆಂದೇ ಬೇರೆ ಪದಕೋಶ ತೆರೆಯಬೇಕು. ಫೈರ್‌ಫಾಕ್ಸಿನ ಪಟ್ಟಿಯಿಂದ ಸಾಲನ್ನು ಅಳಿಸುವುದೇ ಸುಲಭ. ಹಾಗಾದರೆ ಒಟ್ಟುಗೂಡಿಸುವ ಮೊದಲೇ ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳಿ ಒಪ್ಪಿಗೆ ಕೊಡುವುದು ಎಂಬ ತೀರ್ಮಾನಕ್ಕೆ ಬಂದೆವು. ಓದು ‘ಪೊಲೀಸ್’ ತನಕ ಸುಸೂತ್ರವಾಗಿ ಸಾಗಿತು. ರಾಯರು ಹ್ರಸ್ವವೇ ಸರಿಯೆಂದರು, ಮೇಷ್ಟ್ರು ತಾವು ಓದಿದ ಪಠ್ಯಗಳಲ್ಲೆಲ್ಲ ‘ಪೋಲೀಸ್’ ಎಂದೇ ಇತ್ತೆಂದರು. ಎರಡೂ ಇರಲಿ ಬಿಡಿ ಎಂದು ನಾನು ಹೇಳಿದ್ದೇ ತಡ, ಅದುವರೆಗೆ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದವರು ಒಟ್ಟಾಗಿ ನನ್ನ ಮೇಲೆ ತಿರುಗಿಬಿದ್ದರು. ಸೀನು ಸದ್ದಿಲ್ಲದೆ ಸ್ಕ್ರಿಪ್ಟನ್ನು ಮುಚ್ಚಿಟ್ಟ.