‘ಕಲೆಯೆಂದರೆ ನಾನು, ವಿಜ್ಞಾನವೆಂದರೆ ನಾವು’: ಈ ಮಾತು ಯಾರದು?

ಕೇಳಿದವರು, ಪ್ರೌಢಶಾಲಾ ಶಿಕ್ಷಕ:
ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಬಾಗಿಲ ಮೇಲೆ ಈ ಮಾತನ್ನು ಬರೆಸಬೇಕೆಂದಿದ್ದೇನೆ. ಕೆಳಗೆ ಕ್ಲೋದ್ ಬರ್ನಾರ್ ಎಂದು ಹೆಸರು ಹಾಕಬಹುದೇ? ಮಕ್ಕಳ ಕಣ್ಣೆದುರು ತಪ್ಪು ಹೆಸರು ನಿಲ್ಲಿಸಲು ಮನಸ್ಸಿಲ್ಲ. ಇಂಥ ಮಾತುಗಳ ಮೂಲ ಹುಡುಕಿದವರು ದಾರಿ ಹೇಳಿ.

ಅನುವಾದಕಿ:
ಸರ್, ನಾನೂ ಇದೇ ಮಾತಿನ ಬೆನ್ನು ಹತ್ತಿದ್ದೆ. ಇಂಗ್ಲಿಷಿನಲ್ಲಿ ಹುಡುಕಿದಷ್ಟೂ ಸಿಕ್ಕಿದ್ದು ಒಂದನ್ನೊಂದು ನೋಡಿ ಬರೆದ ನುಡಿಮುತ್ತುಗಳ ಪಟ್ಟಿಗಳು. ಪುಸ್ತಕದ ಹೆಸರಿಲ್ಲ, ಪುಟವಿಲ್ಲ. ಬರ್ನಾರ್ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ, ಹಾಗಾದರೆ ಫ್ರೆಂಚಿನಲ್ಲೇ ಹುಡುಕಬೇಕಲ್ಲವೇ ಎಂದು ಆಮೇಲೆ ಹೊಳೆಯಿತು. ‘ಲಾರ್ ಸೆ ಮ್ವಾ, ಲಾ ಸಿಯಾನ್ಸ್ ಸೆ ನೂ’ ಎಂಬ ಮೂಲ ಪದಗಳನ್ನೇ ಹಿಡಿದು ಹೋದಾಗ ಪ್ರಾಯೋಗಿಕ ವೈದ್ಯಶಾಸ್ತ್ರದ ಬಗ್ಗೆ ಅವರು 1865ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಬಂದು ನಿಂತೆ. ಮಾತು ಅಲ್ಲಿದೆ. ಆದರೆ ಅದೇ ವಾಕ್ಯದ ಮೊದಲ ಭಾಗ ಓದಿ ಬೆರಗಾದೆ. ಕಲೆ ವ್ಯಕ್ತಿಗೆ ಅಂಟಿದ್ದು, ವಿಜ್ಞಾನ ಹಾಗಲ್ಲ ಎಂಬ ಭಾವವನ್ನು ‘ಸಮಕಾಲೀನ ಕವಿಯೊಬ್ಬರು’ ಹೀಗೆ ಹೇಳಿದ್ದಾರೆ ಎಂದು ಬರ್ನಾರ್ ಅವರೇ ಬರೆದಿದ್ದಾರೆ! ಆ ವಾಕ್ಯದಲ್ಲಿ ಕವಿಯ ಹೆಸರಿಲ್ಲ. ಎರವಲು ತಂದೆನೆಂದು ಒಪ್ಪಿಕೊಂಡವರನ್ನೇ ನಾವು ಒಡೆಯರನ್ನಾಗಿ ಮಾಡಿದ್ದೇವೆ. ಆದ್ದರಿಂದ ಮಾತು ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚಬೇಡಿ. ಹಿಂದೆ ಒಂದು ಪುಟ, ಮುಂದೆ ಒಂದು ಪುಟ ಓದಲೇಬೇಕು.

ನಿವೃತ್ತ ಗ್ರಂಥಪಾಲಕ:
ಮೇಡಂ ಹೇಳಿದ ಮೂಲಭಾಷೆಯ ವಿಷಯಕ್ಕೆ ನನ್ನದೂ ಒಂದು ಸಾಕ್ಷಿ. ಐನ್‌ಸ್ಟೈನ್ ಅವರ ಒಂದು ಮಾತಿಗಾಗಿ ಇಬ್ಬರು ಓದುಗರು ನನ್ನ ಮೇಜಿನ ಮುಂದೆಯೇ ವಾದಕ್ಕಿಳಿದಿದ್ದರು. ನಿಗೂಢತೆಯೇ ನಿಜವಾದ ಕಲೆ, ವಿಜ್ಞಾನಗಳ ‘ಸೆಲೆ’ ಎಂದು ಒಬ್ಬರು. ಅವುಗಳ ‘ತೊಟ್ಟಿಲ’ ಬಳಿ ನಿಂತ ಭಾವ ಎಂದು ಇನ್ನೊಬ್ಬರು. ಇಬ್ಬರದೂ ಸರಿ. 1930ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಇಂಗ್ಲಿಷ್ ರೂಪದಲ್ಲಿ ಸೆಲೆ ಇದೆ, 1954ರ ಸಂಕಲನದ ಅನುವಾದದಲ್ಲಿ ತೊಟ್ಟಿಲು. ಜರ್ಮನ್ ಮೂಲದಲ್ಲಿರುವ ‘ವೀಗೆ’ ಎಂಬ ಪದಕ್ಕೆ ತೊಟ್ಟಿಲೆಂದೇ ಅರ್ಥ. ಪದ ಬೇರೆಯಾದ ಮಾತ್ರಕ್ಕೆ ಮಾತು ಸುಳ್ಳೆಂದು ತಳ್ಳಿಹಾಕಬೇಡಿ, ಯಾವ ಅನುವಾದ ಎಂದು ಮೊದಲು ನೋಡಿ.

ಕೇಳಿದವರು:
ಇಬ್ಬರಿಗೂ ನಮಸ್ಕಾರ. ಬೋರ್ಡ್ ಬರೆಯುವವರಿಗೆ ಈಗಷ್ಟೇ ಹೇಳಿ ಬಂದೆ: ‘ಸಮಕಾಲೀನ ಕವಿಯೊಬ್ಬರ ಮಾತು, ಉದ್ಧರಿಸಿದವರು ಕ್ಲೋದ್ ಬರ್ನಾರ್, 1865’. ಇಷ್ಟುದ್ದ ಹಿಡಿಸುವುದಿಲ್ಲ ಎಂದರು. ಅಕ್ಷರ ಸಣ್ಣದು ಮಾಡಿ, ಆದರೆ ಒಂದು ಪದವನ್ನೂ ಬಿಡಬೇಡಿ ಎಂದಿದ್ದೇನೆ.